ಎಡಗೈ ನಡುಬೆರಳು

ತೋರುಬೆರಳಲ್ಲಿ ಏಪ್ರಿಲ್ಲಿನ ಮಸಿ ಇನ್ನೂ ಮಾಸಿಲ್ಲವೆಂದು
ಸುತ್ತೋಲೆ ಬಂತು: ಈ ಸಲ ಎಡಗೈ ನಡುಬೆರಳು.
ಅಮಾನುಲ್ಲಾ ಮೇಷ್ಟ್ರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ
ನಗು ತಡೆಯಲಾರದೆ ಕೆಮ್ಮಿದರು.

ಶಿವಮೊಗ್ಗದ ಹೊರ ಅಂಚು, ಗಾಡಿಕೊಪ್ಪದಾಚೆ,
ಸರ್ಕಾರಿ ಶಾಲೆಯ ನಾಲ್ಕನೇ ಕ್ಲಾಸಿನ ಕೋಣೆ.
ಶಾಸಕರ ಫೋಟೊಗೆ ಹಳೇ ಪೇಪರು ಅಂಟಿಸಿದೆವು.
ಹದಿನೇಳರ ಮಗ್ಗಿಗೆ ಪಕ್ಷವಿಲ್ಲವೆಂದು ಬಿಟ್ಟೆವು.

ಎರಡು ವಾರ್ಡಿಗೆ ಉಪಚುನಾವಣೆ.
ಇಲ್ಲಿಯ ಸದಸ್ಯ ಎದೆನೋವಿನಲ್ಲಿ ಹೋದ,
ನಮ್ಮ ವಾರ್ಡಿನವಳು ಜಾತಿ ಸರ್ಟಿಫಿಕೇಟಿನಲ್ಲಿ.
ಉಳಿದದ್ದು ಹದಿನಾಲ್ಕು ತಿಂಗಳು.
ಒಂದು ಬಸುರಿಗೆ ಸಾಕಾಗಿ ಮಿಗುತ್ತದೆ,
ಒಂದು ಚರಂಡಿಗೆ ಸಾಲದು.

ನನ್ನ ಕೆಲಸ ಮಸಿ.
ಬೆಳಗ್ಗೆ ಏಳರಿಂದ ಬೆರಳು, ಬೆರಳು, ಬೆರಳು.
ಆಟೊ ಕಾಂಪ್ಲೆಕ್ಸಿನ ಹುಡುಗರದ್ದು, ಗ್ರೀಸು ಕುಡಿದದ್ದು;
ಮಂಡಕ್ಕಿ ಭಟ್ಟಿಯವರದ್ದು, ಬಿಸಿ ಮರಳಿಗೆ ಗೆರೆಯಳಿಸಿ ನುಣ್ಣಗಾದದ್ದು;
ಅಡಿಕೆ ಸುಲಿಯುವ ಹೆಂಗಸರದ್ದು, ಚೊಗರಿಗೆ ಕಪ್ಪಾಗಿ
ನಾನೆಳೆದ ಗೆರೆ ಎಲ್ಲಿ ಹೋಯಿತೆಂದೇ ಕಾಣದ್ದು.
'ಇನ್ನೊಂದ್ಸಲ ಹಚ್ಚಿ ಅಕ್ಕೋರೆ,
ಇಲ್ದಿದ್ರೆ ನಾನ್ ಹಾಕೇ ಇಲ್ಲ ಅಂತಾರೆ.'
ಗೇಟಿನ ಹೊರಗೆ ಯಾರೋ ಬೆರಳು ನೋಡಿ ಲೆಕ್ಕ ಬರೆಯುತ್ತಿದ್ದರು.
ಇನ್ನೊಂದು ಸಲ ಹಚ್ಚಿದೆ.

ಲೇತಿಗೆ ನಡುಬೆರಳನ್ನೇ ಕೊಟ್ಟ ಫ್ರಾನ್ಸಿಸ್
ಖಾಲಿ ಜಾಗವನ್ನು ಮುಂದೆ ಹಿಡಿದು ಕೇಳಿದ: 'ಈಗೇನ್ ಮಾಡ್ತೀರಿ?'
ಸುತ್ತೋಲೆಯ ಮೂರನೇ ಪುಟದಲ್ಲಿ ಅವನಿಗೂ ಉತ್ತರವಿತ್ತು:
ಮುಂದಿನ ಬೆರಳು. ಉಂಗುರದ್ದು.
ಉಂಗುರವಿರಲಿಲ್ಲ.

ಸಂಜೆಗೆ ಎಂಟುನೂರ ಹನ್ನೆರಡು. ಅರಗು, ಮೊಹರು, ಸಹಿ, ಬಸ್ಸು.
ಮನೆಗೆ ಬಂದು ಬ್ಯಾಗು ಸುರಿದರೆ
ಗ್ಯಾಸಿನ ಬಿಲ್ಲಿನ ಕೆಳಗೆ ನನ್ನದೇ ಅಂಚೆಮತ,
ಲಕೋಟೆಯ ಅಂಟಿಗೆ ನಾಲಿಗೆ ಸೋಕಿರಲಿಲ್ಲ.
ಒಂದರಿಂದ ಏನಾಗುತ್ತೆ ಅಂತಲೂ ಅಂದುಕೊಂಡವಳಲ್ಲ.
ಮಗಳಿಗೆ ಜ್ವರವಿತ್ತು. ಮರೆತೆ.

ಎಣಿಕೆಯ ದಿನ ನಮ್ಮ ವಾರ್ಡು:
ಹಾಲೇಶಪ್ಪ, ಹೊಲಿಗೆ ಯಂತ್ರ, ಒಂಬೈನೂರ ನಾಲ್ಕು.
ಸುಲೋಚನಾ ಗಂಗೋಜಿ, ತೆಂಗಿನಕಾಯಿ, ಒಂಬೈನೂರ ನಾಲ್ಕು.
ಮತ್ತೆ ನೋಡಿದರು.
ನಾಲ್ಕು ನಾಲ್ಕಾಗಿಯೇ ಕೂತಿತ್ತು.
ಚುನಾವಣಾಧಿಕಾರಿ ಎರಡು ಚೀಟಿ ಬರೆದು
ತಮ್ಮ ಸ್ಟೀಲ್ ಡಬ್ಬಿಗೆ ಹಾಕಿ
(ಬೆಳಗ್ಗೆ ಅದರಲ್ಲಿ ಚಿತ್ರಾನ್ನವಿತ್ತು)
ಕುಲುಕಿ, ಮುಖ ತಿರುಗಿಸಿ, ಒಂದು ಎತ್ತಿದರಂತೆ.
ಅರಿಶಿನ ಮೆತ್ತಿದ ಚೀಟಿ. ಹಾಲೇಶಪ್ಪ.
ಪಟಾಕಿಯ ಸದ್ದು ನಮ್ಮ ಅಡುಗೆಮನೆಯವರೆಗೂ ಬಂತು.
ಕುಕ್ಕರಿನ ಮೂರನೇ ಸೀಟಿ ಲೆಕ್ಕ ತಪ್ಪಿತು.

ಮಾರನೇ ದಿನ ಸುಲೋಚನಾ ಮನೆಮನೆಗೆ ಬಂದಳು,
ಗಿರಣಿಯಿಂದ ನೇರ, ಹುಬ್ಬಿನ ಮೇಲೆ ರಾಗಿಹಿಟ್ಟು.
'ಸೋತ್ರೂ ಪರವಾಗಿಲ್ಲ, ನಿಮ್ಮ ಓಟು ನಂಗೇ ಅಂತ ಗೊತ್ತು ಟೀಚರ್'
ಎಂದು ಎರಡೂ ಕೈ ಹಿಡಿದುಕೊಂಡಳು.
ಹೌದು ಎಂದೆ.
ಕಂಡವರ ಬೆರಳಿಗೆ ಹಚ್ಚುವಾಗ ಸೋರಿದ ಮಸಿ
ನನ್ನ ಹೆಬ್ಬೆರಳ ಉಗುರಿನ ಬುಡದಲ್ಲಿತ್ತು.
'ಇದೇನು, ಹೆಬ್ಬೆಟ್ಟಿಗೆ?'
'ಡ್ಯೂಟಿಯವರಿಗೆ ಹಾಗೇ' ಎಂದೆ.
ಅಷ್ಟು ಸಲೀಸಾಗಿ ಬಂತು ಮಾತು,
ಮೂರನೇ ಪುಟದಲ್ಲೇ ಬರೆದಿದ್ದ ಹಾಗೆ.

ಉಗುರು ಬೆಳೆಯುತ್ತದೆ, ಯಾರನ್ನೂ ಕೇಳುವುದಿಲ್ಲ.
ಕಪ್ಪು, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಮೇಲೇರಿ
ದೀಪಾವಳಿ ಕಳೆದ ಭಾನುವಾರ ತುದಿಗೆ ಬಂತು.
ಮೆಟ್ಟಿಲ ಮೇಲೆ ಕೂತು ಕತ್ತರಿಸಿದೆ.
ಚಂದ್ರನ ಚೂರಿನಂಥದ್ದು ಹಾರಿ ಚರಂಡಿಗೆ ಬಿತ್ತು
(ಚಪ್ಪಡಿ ಇನ್ನೂ ಬಂದಿಲ್ಲ),
ಗಿರಣಿಯ ಹಿಟ್ಟು ಕೆನೆಗಟ್ಟಿದ ನೀರಿನ ಮೇಲೆ
ಸ್ವಲ್ಪ ಹೊತ್ತು ತೇಲಿತು.